ಚಪಲ

ನವಲಗುಂದದ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ಹರಿಯುವ ನೀರೆಂದರೆ ಬೆಣ್ಣೆಹಳ್ಳ. ಬೇಸಿಗೆಯಲ್ಲಿ ಅದು ಬತ್ತಿ ಮಲಗಿರುತ್ತದೆ. ದೊಡ್ಡ ಮಳೆ ಬಂದರೆ ದಂಡೆ ಮೀರಿ ಹೊಲಗಳಿಗೆ ನುಗ್ಗುತ್ತದೆ. ದೋಣಿ, ಹಡಗು ಎಂಬ ಮಾತುಗಳನ್ನು ನಾವು ಪುರಾಣ ಪ್ರವಚನಗಳಲ್ಲಿ ಬಳಸಿದ್ದುಂಟೇ ಹೊರತು ಅವುಗಳ ಮೇಲೆ ಕಾಲಿಟ್ಟವರಲ್ಲ. ಅಂಥ ನಾವು ಅರವತ್ತಾರನೆಯ ವಯಸ್ಸಿನಲ್ಲಿ ಒಂದು ಯುದ್ಧನೌಕೆಯ ಹೊಟ್ಟೆಯೊಳಗೆ ಇಳಿದು ಬಂದೆವೆಂದರೆ ಓದುಗ ಬಂಧುಗಳು ನಗಬಹುದು. ಆದರೆ ಆ ನೌಕೆಯ ಹೆಸರಿನೊಡನೆ ನಮ್ಮದೊಂದು ಹಳೆಯ ಲೆಕ್ಕ ತೀರದೆ ಉಳಿದಿತ್ತು. ಅದನ್ನು ಬಹಿರಂಗವಾಗಿ ಹೇಳಿಕೊಳ್ಳದೆ ಮನಸ್ಸಿಗೆ ಸಮಾಧಾನವಿಲ್ಲವೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮನ್ನು ಕಾರವಾರಕ್ಕೆ ಕರೆದೊಯ್ದವನು ನಮ್ಮ ಪಾಠಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ. 1984ರಲ್ಲಿ ನಾವು ಗುರುಗಳ ಅಪ್ಪಣೆಯಂತೆ ಸಂಸ್ಕೃತ ಪಾಠ ಹೇಳುತ್ತಿದ್ದಾಗ ಅವನು ಹದಿನೈದರ ಹುಡುಗ. ಅಮರಕೋಶವನ್ನು ಕಂಠಪಾಠ ಮಾಡುವುದರಲ್ಲಿ ಅವನಿಗೆ ಸರಿಸಾಟಿಯಾದವರು ಆ ವರ್ಷ ಇರಲಿಲ್ಲ. ಆದರೆ ನಡುವೆಯೇ ಪಾಠಶಾಲೆ ಬಿಟ್ಟು ಹೋದ. ಮುಂದೆ ನೌಕಾಪಡೆಗೆ ಸೇರಿ, ಒಡಿಶಾದ ಚಿಲ್ಕಾದಲ್ಲಿ ಮೊದಲ ಶಿಕ್ಷಣ ಪಡೆದು, ಲೋನಾವಳದಲ್ಲಿರುವ ನೌಕಾಪಡೆಯ ಯಂತ್ರಶಾಲೆಯಲ್ಲಿ ಎಂಜಿನ್ನುಗಳ ವಿದ್ಯೆ ಕಲಿತನಂತೆ. ಇಪ್ಪತ್ತು ವರ್ಷ ಸೇವೆ ಸಲ್ಲಿಸಿ ನಿವೃತ್ತನಾಗಿ, ಈಗ ಊರಿನಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್ ದುರಸ್ತಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಹಬ್ಬ ಹುಣ್ಣಿಮೆಗೆ ಬಂದು ನಮಸ್ಕರಿಸಿ ಹೋಗುವನು. ಹಳೆಯ ವಿಷಯವನ್ನು ಅವನೂ ಎತ್ತಿರಲಿಲ್ಲ, ನಾವೂ ಎತ್ತಿರಲಿಲ್ಲ.

"ಗುರುಗಳ, ಒಮ್ಮಿ ಕಾರವಾರಕ್ಕ ಹೋಗಿ ಬರೂಣು ಬರ್ರಿ. ಹಡಗಿನ್ಯಾಗ ನಾ ಏನ್ ಮಾಡ್ತಿದ್ದೆ ಅಂತ ನಿಮಗ ತೋರಸಬೇಕಾಗೇತ್ರಿ" ಎಂದು ಒಂದು ದಿನ ಅವನು ಹೇಳಿದಾಗ ನಾವು ಒಪ್ಪಿದೆವು. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ ಘಟ್ಟವನ್ನು ಇಳಿಯುತ್ತಿದ್ದಂತೆ ನಮ್ಮ ಸೀಮೆಯ ಒಣಗಾಳಿ ಹಿಂದೆ ಉಳಿಯಿತು. ಅಂಕೋಲೆಯಿಂದ ಮುಂದೆ ಬಲಗಡೆ ಬೆಟ್ಟ, ಎಡಗಡೆ ಸಮುದ್ರ.

ಕಾರವಾರದ ಕಡಲತೀರಕ್ಕೆ ಕವಿ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ಕೆಲಕಾಲ ತಂಗಿದ್ದರು. ಆ ತೀರದ ಮೇಲೆ, ಹೆದ್ದಾರಿಯ ಬದಿಗೆ, ನೆಲದ ಮೇಲೆ ನಿಲ್ಲಿಸಿದ ಬೂದುಬಣ್ಣದ ನೌಕೆಯೊಂದು ಕಾಣುತ್ತದೆ. ಅದೇ ಭಾರತೀಯ ನೌಕಾಪಡೆಯ ಕ್ಷಿಪಣಿ ದೋಣಿ 'ಚಪಲ'. ಊರಿನವರ ಬಾಯಿಯಲ್ಲಿ, ಪತ್ರಿಕೆಗಳಲ್ಲಿ ಅದು 'ಚಾಪೆಲ್' ಆಗಿದೆ. ಅದು ಸಂಸ್ಕೃತದ ಚಪಲವೇ ಎಂದು ಅಲ್ಲಿಗೆ ಹೋಗುವವರೆಗೆ ನಮಗೂ ಹೊಳೆದಿರಲಿಲ್ಲ.

ಸುಮಾರು 38 ಮೀಟರು ಉದ್ದ, ಏಳೂವರೆ ಮೀಟರು ಅಗಲ. ಯುದ್ಧನೌಕೆಗಳ ಲೆಕ್ಕದಲ್ಲಿ ಇದು ಚಿಕ್ಕದು, ಆದ್ದರಿಂದಲೇ ದೋಣಿ ಎನ್ನುತ್ತಾರೆ. ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಕ್ಷಿಪಣಿಗಳ ಕೊಳವೆಗಳು. ಹಿಂದೆ ಮುಂದೆ ಜೋಡಿ ಫಿರಂಗಿಗಳು. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಈ ದೋಣಿ 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತವಾಯಿತು. ಅದೇ 2005ರಲ್ಲಿ ಕಾರವಾರದ ಹತ್ತಿರ 'ಕದಂಬ' ಎಂಬ ನೌಕಾನೆಲೆ ಆರಂಭವಾಯಿತು. ಬನವಾಸಿಯ ಅರಸುಮನೆತನದ ಹೆಸರು ಕಡಲಿನ ಕೋಟೆಗೆ ಬಂದುದು ನಮಗೆ ಸಂತೋಷದ ಸಂಗತಿ. ಮರುವರ್ಷ, 2006ರಲ್ಲಿ, ಚಪಲ ದೋಣಿ ಸಾರ್ವಜನಿಕರು ನೋಡುವ ಸಂಗ್ರಹಾಲಯವಾಯಿತು.

ಬಂದವರಲ್ಲಿ ಹಲವರು "ಇದೇ ಹಡಗು 1971ರಲ್ಲಿ ಕರಾಚಿಯನ್ನು ಸುಟ್ಟದ್ದು" ಎಂದು ಮಕ್ಕಳಿಗೆ ಹೇಳುತ್ತಿದ್ದರು. ಶಿಷ್ಯನು ಮೆಲ್ಲನೆ ನಮಗೆ ತಿದ್ದಿ ಹೇಳಿದ. ಆ ಪರಾಕ್ರಮ ಚಪಲದ ಅಣ್ಣಂದಿರದು. 1971ರ ಡಿಸೆಂಬರ್ 4ರ ರಾತ್ರಿ ನಿಪಾತ, ನಿರ್ಘಾತ, ವೀರ ಎಂಬ ಮೂರು ದೋಣಿಗಳು ಕರಾಚಿಯ ಮೇಲೆ ಎರಗಿದವು. ಡಿಸೆಂಬರ್ 8ರ ರಾತ್ರಿ ವಿನಾಶ ಎಂಬ ಒಂದೇ ದೋಣಿ ಎರಡು ದೊಡ್ಡ ನೌಕೆಗಳ ಬೆಂಗಾವಲಿನಲ್ಲಿ ಹೋಗಿ ಮತ್ತೆ ಹೊಡೆಯಿತು. ಈ ಮಾದರಿಯ ದೋಣಿಗಳು ಮೂಲತಃ ಬಂದರು ಕಾಯುವುದಕ್ಕೆಂದು ಮಾಡಿದವು. ಅವುಗಳ ಹೊಟ್ಟೆಯಲ್ಲಿ ಬಹಳ ದೂರಕ್ಕೆ ಸಾಕಾಗುವಷ್ಟು ಇಂಧನ ಹಿಡಿಯುವುದಿಲ್ಲ. ಆದ್ದರಿಂದ ದಾರಿಯ ಒಂದು ಭಾಗವನ್ನು ದೊಡ್ಡ ನೌಕೆಗಳು ಅವುಗಳನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದವು. ಎತ್ತುಗಳ ಶಕ್ತಿ ಉಳಿಸಲು ಏರಿನ ಹೊತ್ತಿಗೆ ಇನ್ನೊಂದು ಜೋಡಿ ಹೂಡುವ ನಮ್ಮ ರೈತನ ಉಪಾಯವೇ ಅದು. ಆ ಡಿಸೆಂಬರ್ 4 ನೌಕಾಪಡೆಯ ದಿನವಾಗಿ ಆಚರಣೆಯಾಗುತ್ತದೆ. ಚಪಲ ಸೇವೆಗೆ ಬಂದದ್ದು ಅದಾಗಿ ಐದು ವರ್ಷಕ್ಕೆ. ವಂಶ ಒಂದೇ, ಯುದ್ಧ ಮಾಡಿದವರು ಬೇರೆ. ತನ್ನದಲ್ಲದ ಕೀರ್ತಿ ಹೊರಿಸಿದರೆ ಹಡಗಿಗೂ ಅವಮಾನವೇ ಎಂದು ನಮಗೆ ಅನಿಸಿತು.

ನೌಕೆಯ ಒಳಗೆ ಸಮವಸ್ತ್ರ ತೊಟ್ಟ ಗೊಂಬೆಗಳನ್ನು ಇಟ್ಟು ನಾವಿಕರ ಬದುಕನ್ನು ತೋರಿಸಿದ್ದಾರೆ. ಶಿಷ್ಯನ ಮನಸ್ಸು ಅವುಗಳ ಮೇಲೆ ಇರಲಿಲ್ಲ. ಅವನು ಸೇವೆ ಮಾಡಿದ್ದು ಇದೇ ಮಾದರಿಯ ಬೇರೊಂದು ದೋಣಿಯಲ್ಲಿ. ಗೋಡೆಯ ಕೊಳವೆಯೊಂದನ್ನು ಕೈಯಿಂದ ಸವರುತ್ತ ಅವನು ಎಂಜಿನ್ನಿನ ವಿಚಾರ ಹೇಳತೊಡಗಿದ. ಇಂಥ ದೋಣಿಗೆ ಮೂರು ಡೀಸೆಲ್ ಎಂಜಿನ್ನುಗಳು. ಒಂದೊಂದಕ್ಕೆ 5000 ಅಶ್ವಶಕ್ತಿ. ಲೆನಿನ್‌ಗ್ರಾಡಿನ ಕಾರ್ಖಾನೆಯವು. ನಮ್ಮ ಊರಿನ ಎಂಜಿನ್ನಿಗೆ ಒಂದೇ ಸಿಲಿಂಡರು, ಅದಕ್ಕೆ 56. ನಡುವಿನ ದಂಡದ ಸುತ್ತ ಏಳು ದಿಕ್ಕಿಗೆ, ದಿಕ್ಕಿಗೆ ಎಂಟರಂತೆ, ನಕ್ಷತ್ರದ ಕಿರಣಗಳ ಹಾಗೆ ಜೋಡಿಸಿದ ಸಿಲಿಂಡರುಗಳು. ಮೂರೂ ಒಟ್ಟಿಗೆ ತಿರುಗಿದರೆ ದೋಣಿ ಗಂಟೆಗೆ ಸುಮಾರು 70 ಕಿಲೋಮೀಟರು ವೇಗದಲ್ಲಿ ನೀರನ್ನು ಸೀಳಿಕೊಂಡು ಹೋಗುತ್ತಿತ್ತು. ಇಷ್ಟು ಶಕ್ತಿಯನ್ನು ಇಷ್ಟು ಚಿಕ್ಕ ಜಾಗದಲ್ಲಿ ತುಂಬಿದ್ದರಿಂದ ಆ ಯಂತ್ರಗಳಿಗೆ ಬಹಳ ಆರೈಕೆ ಬೇಕು. ನಿಗದಿತ ಗಂಟೆಗಳು ಓಡಿದ ಮೇಲೆ ಬಿಚ್ಚಿ ನೋಡಲೇಬೇಕು.

"ನನ್ನ ಕೆಲಸ ಏನಿತ್ತು ಗೊತ್ತೇನ್ರಿ? ಎಣ್ಣಿ ಒತ್ತಡದ ಮುಳ್ಳ ನೋಡಿಕೋತ ನಿಂದ್ರೂದು. ಮುಳ್ಳ ಇಳೀತಂದ್ರ ಯಾರ ಅಪ್ಪಣಿಗೂ ಕಾಯಂಗಿಲ್ಲ, ಎಂಜಿನ್ ನಿಲ್ಲಸಬೇಕು. ಎಣ್ಣಿ ಇಲ್ಲದ ಎಂಜಿನ್ ಒಂದು ಗಳಿಗಿ ಓಡಿದ್ರ ಮುಗೀತು."

ಆ ಮಾತು ಆಗ ನಮ್ಮ ಕಿವಿಗೆ ಬಿದ್ದಿತೇ ಹೊರತು ಎದೆಗೆ ಬೀಳಲಿಲ್ಲ. ನಾವು ಹೊರಗೆ ಬಂದು ನೌಕೆಯ ಹೆಸರನ್ನೇ ನೋಡುತ್ತ ನಿಂತೆವು. ಅವನೂ ಬಂದು ಪಕ್ಕಕ್ಕೆ ನಿಂತ. ಸ್ವಲ್ಪ ಹೊತ್ತಿನ ಮೇಲೆ, "ಗುರುಗಳ, ಆವತ್ತ ನೀವು ನನಗ ಚಪಲ ಅಂದಿದ್ರಿ" ಎಂದ.

ನಮಗೆ ನೆನಪಿತ್ತು. 1984ರ ಒಂದು ಬೆಳಗಿನ ಜಾವ. ಪ್ರಸಾದ ನಿಲಯದ ಹಿಟ್ಟಿನ ಗಿರಣಿಯನ್ನು ತಿರುಗಿಸುತ್ತಿದ್ದ ಆಯಿಲ್ ಎಂಜಿನ್ನು ಹಿಂದಿನ ಸಂಜೆ ಗಡಗಡ ಸದ್ದು ಮಾಡಿ ನಿಂತುಬಿಟ್ಟಿತ್ತು. ನಾವು ನಸುಕಿನಲ್ಲಿ ಎದ್ದು ಹೋಗಿ ನೋಡಿದರೆ ಈ ಹುಡುಗ ಕಂದೀಲು ಇಟ್ಟುಕೊಂಡು ಎಂಜಿನ್ನಿನ ಭಾಗಗಳನ್ನು ಬಿಚ್ಚಿ ಗೋಣಿತಟ್ಟಿನ ಮೇಲೆ ಹರಡಿಕೊಂಡು ಕುಳಿತಿದ್ದ. ಕೈಯೆಲ್ಲ ಕರಿ. ಇವನೇ ಕೆಡಿಸಿದನೆಂದು ನಾವು ಭಾವಿಸಿದೆವು. "ನಿನ್ನದು ವಿದ್ಯೆಯಲ್ಲ, ಚಪಲ! ಶಬ್ದಕೋಶ ಹಿಡಿಯಬೇಕಾದ ಕೈಗೆ ಪಾನಾ ಹಿಡಿಯುವ ಚಪಲ!" ಎಂದು ಎಲ್ಲ ವಿದ್ಯಾರ್ಥಿಗಳ ಎದುರಿಗೆ ಗದರಿಸಿದೆವು. ಅವನು ತಲೆ ತಗ್ಗಿಸಿ ನಿಂತಿದ್ದ, ಒಂದು ಮಾತನ್ನೂ ಆಡಲಿಲ್ಲ. ಮರುದಿನ ಅವನ ಹಾಸಿಗೆ ಖಾಲಿಯಾಗಿತ್ತು. ಎಂಜಿನ್ನನ್ನು ನೋಡಲು ಬಂದವರು ದುರಸ್ತಿಯ ಖರ್ಚು ಬಹಳವಾಗುತ್ತದೆ ಎಂದರು. ವಿದ್ಯುತ್ ಮೋಟಾರು ಬಂದಿತು. ಎಂಜಿನ್ನು ಬಿಚ್ಚಿದ ಸ್ಥಿತಿಯಲ್ಲಿಯೇ ಕೊಟ್ಟಿಗೆಯ ಮೂಲೆಗೆ ಹೋಯಿತು. ಬಿಡಿಭಾಗಗಳು ಒಂದು ಗೋಣಿಚೀಲ ಸೇರಿದವು.

"ನೆನಪಿದೆಯಪ್ಪಾ" ಎಂದೆವು.

"ಇದೇ ಜಾತಿ ಹಡಗಿಗೆ ಚಪಲ ಅಂತ ಹೆಸರಿಟ್ಟಾರಂತ ಕೇಳಿದಾಗ ನನಗ ನಗಿ ಬಂತ್ರಿ. ಅಮರಕೋಶದಾಗ ಚಪಲಾ ಅಂದ್ರ ಮಿಂಚಲ್ಲೇನ್ರಿ? ನೀವ ಹೇಳಿಕೊಟ್ಟಿದ್ರಿ."

ಅವನು ಹೇಳಿದ್ದು ಸರಿ. ಅಮರಸಿಂಹನು ಮಿಂಚಿಗೆ ಕೊಟ್ಟ ಹೆಸರುಗಳಲ್ಲಿ ತಟಿತ್, ಸೌದಾಮಿನೀ, ವಿದ್ಯುತ್ ಇವುಗಳ ಜೊತೆಗೆ ಚಂಚಲಾ, ಚಪಲಾ ಎಂಬವೂ ಇವೆ. ಕನ್ನಡದಲ್ಲಿ ಆ ಶಬ್ದ ಇಳಿದು ಇಳಿದು ಬಾಯಿಚಪಲವೆಂಬಲ್ಲಿಗೆ ಬಂದು ನಿಂತಿದೆ. ನಲವತ್ತು ವರ್ಷ ಶಬ್ದಾರ್ಥ ಹೇಳಿದ ನಾವು ಹುಡುಗನೊಬ್ಬನಿಗೆ ಒಂದು ಶಬ್ದವನ್ನು ಅದರ ಅತ್ಯಂತ ಕೀಳು ಅರ್ಥದಲ್ಲಿ ಎಸೆದಿದ್ದೆವು. ಅವನು ಅದನ್ನು ಇಷ್ಟು ಕಾಲ ಇಟ್ಟುಕೊಂಡು ಮೇಲಿನ ಅರ್ಥದಲ್ಲಿ ನಮಗೆ ಹಿಂದಿರುಗಿಸಿದ.

ಮಾತು ಬದಲಿಸಲೆಂದೋ ಏನೋ, "ಇಂಥ ನೌಕೆಯನ್ನು ಮತ್ತೆ ನೀರಿಗಿಳಿಸಿ ನಡೆಸಲು ಬರುವುದಿಲ್ಲವೇ?" ಎಂದು ಕೇಳಿದೆವು. ಅವನು ತಲೆಯಾಡಿಸಿದ. ಈ ಮಾದರಿಯ ದೋಣಿಗೆ ಒಡಲು ಉಕ್ಕಿನದು, ಮೇಲಿನ ಕಟ್ಟಡ ಹಗುರಾದ ಅಲ್ಯೂಮಿನಿಯಂ ಮಿಶ್ರಲೋಹದ್ದು. ಎರಡು ಲೋಹಗಳು ಕೂಡುವಲ್ಲಿ ಉಪ್ಪುನೀರು ಸೇರಿದರೆ ತಿನ್ನುತ್ತದೆ. ದಡದ ಮೇಲೆ ನಿಂತರೂ ಉಪ್ಪುಗಾಳಿ ಬಿಡುವುದಿಲ್ಲ. ಕೆರೆದು ಬಣ್ಣ ಬಳಿಯುತ್ತಲೇ ಇರಬೇಕು. ಇನ್ನು ಎಂಜಿನ್ನುಗಳ ಬಿಡಿಭಾಗ, ಬಲ್ಲ ಕೈಗಳು, ಹಣ ಎಲ್ಲಿಂದ ತರಬೇಕು? ನೋಡುವುದಕ್ಕೆ ಉಳಿಸಿದ್ದೇ ದೊಡ್ಡದು ಎಂದ.

ಆದರೆ ಹಾಗೆ ನಡೆಸಿದವರೂ ಉಂಟು. ಅವನು ಹೇಳಿದ ಆ ಸಂಗತಿಯನ್ನು ನಾವು ಆಮೇಲೆ ಓದಿಯೂ ತಿಳಿದೆವು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಹಿಗ್ಗಿನ್ಸ್ ಕಾರ್ಖಾನೆಯವರು ಕಟ್ಟಿದ 'ಪಿಟಿ 305' ಎಂಬ ಕಟ್ಟಿಗೆಯ ದೋಣಿ ಮೆಡಿಟರೇನಿಯನ್ ಸಮುದ್ರದಲ್ಲಿ ಕಾದಾಡಿತು. ಯುದ್ಧ ಮುಗಿದ ಮೇಲೆ ಅದನ್ನು ಮಾರಿದರು. ಪ್ರವಾಸಿಗರನ್ನು ಹೊತ್ತಿತು, ಹಿಂಭಾಗವನ್ನು ಕೊಯ್ಯಿಸಿಕೊಂಡು ಗಿಡ್ಡವಾಯಿತು, ಕೊನೆಗೆ ಕಡಲಚಿಪ್ಪು ಹಿಡಿಯುವ ದೋಣಿಯಾಗಿ ಸವೆಯಿತು. ಆ ನಗರದ ಯುದ್ಧ ಸಂಗ್ರಹಾಲಯ ಅದನ್ನು ಮರಳಿ ತಂದಿತು. ಸ್ವಯಂಸೇವಕರು, ಅವರಲ್ಲಿ ಅನೇಕರು ನಿವೃತ್ತರು, ವರ್ಷಗಟ್ಟಲೆ ದುಡಿದು ಕೊಯ್ದ ಭಾಗವನ್ನು ಹೊಸದಾಗಿ ಕಟ್ಟಿ ಸೇರಿಸಿದರು. ಹನ್ನೆರಡು ಸಿಲಿಂಡರುಗಳ ಪ್ಯಾಕರ್ಡ್ ಎಂಜಿನ್ನುಗಳು ಮೂರನ್ನು ಕೂಡಿಸಿದರು. 2016ರಲ್ಲಿ ದೋಣಿ ಮತ್ತೆ ನೀರಿಗಿಳಿಯಿತು. ಪರೀಕ್ಷೆಯ ಓಟಗಳು ಮುಗಿದ ಮೇಲೆ 2017ರಲ್ಲಿ ಪಾಂಚರ್ಟ್ರೇನ್ ಎಂಬ ಸರೋವರದಲ್ಲಿ ಜನರನ್ನು ಕೂಡಿಸಿಕೊಂಡು ಓಡಿತು.

ಘಟ್ಟ ಹತ್ತುವಾಗ ನಾವು ಕೇಳಿದೆವು: "ನಮ್ಮ ಕೊಟ್ಟಿಗೆಯ ಎಂಜಿನ್ನು ಇನ್ನೂ ಹಾಗೇ ಇದೆ. ಅದರ ಗತಿ ಏನಪ್ಪಾ?"

ಅವನು ಬಹಳ ಹೊತ್ತು ರಸ್ತೆಯನ್ನೇ ನೋಡುತ್ತಿದ್ದು, "ನೋಡೂಣ್ರಿ" ಎಂದ.

ಅದು ಇಂಗ್ಲೆಂಡಿನ ಲಿಸ್ಟರ್ ಮಾದರಿಯಂತೆ ರಾಜಕೋಟದಲ್ಲಿ ತಯಾರಾದ ಆರು ಅಶ್ವಶಕ್ತಿಯ ಎಂಜಿನ್ನು. ಎರಡು ದೊಡ್ಡ ಗಾಲಿಗಳು, ನಿಂತ ಸಿಲಿಂಡರು, ನಿಮಿಷಕ್ಕೆ 650 ಸುತ್ತು. ಮುಂದಿನ ವಾರವೇ ಅವನು ಅಂಗಡಿಯ ಹುಡುಗರೊಂದಿಗೆ ಬಂದ. ಮೊದಲು ಏನನ್ನೂ ಬಲವಂತದಿಂದ ತಿರುಗಿಸಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡ ಪಿಸ್ಟನ್ನಿನ ಮೇಲೆ ಸೀಮೆಎಣ್ಣೆ, ಡೀಸೆಲ್ ಸುರಿದು ಎಂಟು ದಿನ ಬಿಟ್ಟ. ಪ್ರತಿದಿನ ಬಂದು ಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ತಟ್ಟುತ್ತಿದ್ದ. ಒಂಬತ್ತನೆಯ ದಿನ ಅದು ಒಂದು ಕೂದಲೆಳೆಯಷ್ಟು ಕದಲಿತು. ಎಣ್ಣೆಟಾಕಿಯಿಂದ ಕಪ್ಪು ಕೆಸರು ಹೊರಬಂದಿತು. ನಾಜಲ್ಲನ್ನು ತೊಳೆದ, ಉಂಗುರಗಳನ್ನೂ ಗ್ಯಾಸ್ಕೆಟ್ಟನ್ನೂ ರಾಜಕೋಟದಿಂದ ತರಿಸಿದ.

ಗೋಣಿಚೀಲವನ್ನು ಬಿಚ್ಚಿದ ದಿನ ನಾವು ಎದುರಿಗೇ ಕುಳಿತಿದ್ದೆವು. ಅವನು ಒಂದೊಂದೇ ಭಾಗವನ್ನು ಒರೆಸಿ ಬಟ್ಟೆಯ ಮೇಲೆ ಸಾಲಾಗಿ ಇಡುತ್ತ ಬಂದ. ಕೊನೆಗೆ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿನ ಎರಡು ಹೋಳುಗಳು ಬಂದವು. ಅವುಗಳ ಒಳಮೈಗೆ ಬಿಳಿಲೋಹದ ಲೇಪ ಇರುತ್ತದೆ. ಇಲ್ಲಿ ಆ ಲೋಹ ಕರಗಿ, ಹರಿದು, ಮೇಣದ ಹಾಗೆ ಅಂಚಿನಲ್ಲಿ ಗಟ್ಟಿಯಾಗಿತ್ತು. ಅವನು ಅದನ್ನು ಪಕ್ಕಕ್ಕೆ ಇಡಲು ಹೋದ. ನಾವು ಕೈ ಚಾಚಿ ತೆಗೆದುಕೊಂಡೆವು.

"ಇದು ಹೀಗೇಕೆ ಆಗಿದೆ?"

"ಹಳೇದಾಗಿತ್ರಿ" ಎಂದ.

ಕಾರವಾರದಲ್ಲಿ ಅವನು ಹೇಳಿದ ಮಾತು ಆಗ ನಮ್ಮ ಎದೆಗೆ ಬಿದ್ದಿತು. ಎಂಜಿನ್ನಿನ ಎಣ್ಣೆ ನೋಡಿ ತುಂಬುವ ಕೆಲಸ ಉಪಾಧ್ಯಾಯರಿಗೆ ತಿಂಗಳಿಗೊಬ್ಬರಂತೆ ಪಾಳಿಯಿಂದ ಬರುತ್ತಿತ್ತು. ಆ ತಿಂಗಳ ಪಾಳಿ ನಮ್ಮದು. ನಾವಾಗ ವಿದ್ವತ್ ಪರೀಕ್ಷೆಯ ಓದಿನಲ್ಲಿ ಮುಳುಗಿ ಕೊಟ್ಟಿಗೆಯ ಕಡೆಗೆ ಹೋಗಿರಲೇ ಇಲ್ಲ. ಹುಡುಗ ಕಂದೀಲು ಹಿಡಿದು ಕುಳಿತದ್ದು ಎಂಜಿನ್ನು ನಿಂತ ಮೇಲೆ, ಏಕೆ ನಿಂತಿತೆಂದು ನೋಡುವುದಕ್ಕೆ. ನಲವತ್ತು ವರ್ಷ ಇದನ್ನು ಒಮ್ಮೆಯೂ ಕೂಡಿಸಿ ಲೆಕ್ಕ ಹಾಕದವರು ನಾವು.

"ಅಂದೇ ನಿನಗೆ ಗೊತ್ತಿತ್ತೇನಪ್ಪಾ?"

ಅವನು ಕೈಯ ಅರಿವೆಯನ್ನು ಮಡಚುತ್ತ, "ಎಣ್ಣಿ ಇರಲಿಲ್ಲ ಅನ್ನೂದು ಗೊತ್ತಿತ್ರಿ. ಪಾಳಿ ಯಾರದು ಅನ್ನೂದೂ ಗೊತ್ತಿತ್ತು. ಎಲ್ಲಾರ ಮುಂದ ನಿಮ್ಮ ಹೆಸರ ಹೇಳಾಕ ಬಾಯಿ ಬರಲಿಲ್ರಿ" ಎಂದ.

ನಾವು ಆ ಎರಡು ಹೋಳುಗಳನ್ನು ಹಿಡಿದುಕೊಂಡೇ, ಅವನ ಅಂಗಡಿಯ ಹುಡುಗರು ಕೇಳುವಂತೆ, "ತಪ್ಪು ನಮ್ಮದು. ನಿನ್ನನ್ನು ಅನ್ಯಾಯವಾಗಿ ಬೈದೆವು" ಎಂದೆವು. ಎಲ್ಲರ ಎದುರಿಗೆ ಬೈದವರು ಎಲ್ಲರ ಎದುರಿಗೇ ಒಪ್ಪಿಕೊಳ್ಳಬೇಕಲ್ಲವೇ? ಆಗಿನ ಸಹಪಾಠಿಗಳು ಈಗ ಎಲ್ಲೆಲ್ಲಿಯೋ ಇದ್ದಾರೆ. ಅವರ ಮನೆಗಳಿಗೂ ಈ ಪತ್ರಿಕೆ ಹೋಗುತ್ತದೆಂಬ ನಂಬಿಕೆಯಿಂದ ಇಲ್ಲಿಯೂ ಒಪ್ಪಿಕೊಂಡಿದ್ದೇವೆ.

ಬೇರಿಂಗಿಗೆ ಹುಬ್ಬಳ್ಳಿಯಲ್ಲಿ ಹೊಸ ಬಿಳಿಲೋಹ ಹಾಕಿಸಿದ್ದಾಯಿತು. ಎಲ್ಲವನ್ನೂ ಜೋಡಿಸಿ ನಡೆಸಿ ನೋಡುವ ದಿನ ಬಂದಿತು. ಶಿಷ್ಯನು ಎಣ್ಣೆಯನ್ನು ನಮ್ಮ ಕೈಯಿಂದಲೇ ಹಾಕಿಸಿದ, ಅಳತೆಕಡ್ಡಿಯನ್ನು ನಮ್ಮಿಂದಲೇ ನೋಡಿಸಿದ. ಮೊದಲ ಸಲ ಹ್ಯಾಂಡಲ್ ತಿರುಗಿಸಿದಾಗ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ನೋಡಲು ನೆರೆದವರಲ್ಲಿ ಒಬ್ಬರು "ಸತ್ತ ಎಮ್ಮೆಗೆ ಹಾಲು ಹಿಂಡಿದ ಹಾಗೆ" ಎಂದು ನಕ್ಕರು. ಶಿಷ್ಯನಿಗೆ ಅವಸರವಿರಲಿಲ್ಲ. ಡೀಸೆಲ್ ಬರುವ ಕೊಳವೆಯಲ್ಲಿ ಗಾಳಿ ಸೇರಿಕೊಂಡರೆ ಇಂಧನ ಮುಂದೆ ಹೋಗದಂತೆ. ಬೋಲ್ಟನ್ನು ಸಡಿಲಿಸಿ, ಗುಳ್ಳೆಗಳು ನಿಂತು ಶುದ್ಧ ಡೀಸೆಲ್ ಬರುವ ತನಕ ಬಿಟ್ಟು ಮತ್ತೆ ಬಿಗಿದ. ಸಿಲಿಂಡರಿನ ಒತ್ತಡವನ್ನು ಬಿಡುವ ಲಿವರನ್ನು ನಮ್ಮ ಕೈಗೆ ಕೊಟ್ಟು, "ಗಾಲಿ ಜೋರಾದ ಮ್ಯಾಗ ನಾ ಹೂಂ ಅಂತೀನ್ರಿ, ಆಗ ಬಿಡ್ರಿ" ಎಂದ. ಇಬ್ಬರು ಹುಡುಗರು ಹ್ಯಾಂಡಲ್ ಸುತ್ತಿದರು. ಗಾಲಿಗಳು ವೇಗ ಹಿಡಿದವು. ಅವನು ಹೂಂ ಎಂದ, ನಾವು ಬಿಟ್ಟೆವು.

ಒಂದು ಗುಕ್ಕು ಬಿಳಿ ಹೊಗೆ, ಒಂದು ಕೆಮ್ಮು, ಒಂದು ಕ್ಷಣ ಮೌನ. ಆಮೇಲೆ ಪುಕ್, ಪುಕ್, ಪುಕ್ ಎಂಬ ಆ ಹಳೆಯ ಸದ್ದು. ಪ್ರಸಾದ ನಿಲಯದ ಅಡುಗೆಮನೆಯಿಂದ ವಯಸ್ಸಾದ ತಾಯಿಯೊಬ್ಬರು ಹೊರಗೆ ಬಂದು, "ಗಿರಣಿ ಚಾಲೂ ಆತೇನು?" ಎಂದು ಕೇಳಿದರು.

ಹತ್ತು ನಿಮಿಷ ಓಡಿಸಿ ಅವನೇ ನಿಲ್ಲಿಸಿದ. ಇನ್ನಷ್ಟು ಓಡಲಿ ಎಂದು ಎಲ್ಲರೂ ಕೂಗಿದರೂ ಕೇಳಲಿಲ್ಲ. ಕೆಳಗಿನ ಮುಚ್ಚಳ ತೆಗೆದು ಬೇರಿಂಗಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದ; ನಮ್ಮ ಕೈಯನ್ನೂ ಇಡಿಸಿದ. ಹಸುಗೂಸಿನ ಹಣೆಯಷ್ಟು ಬೆಚ್ಚಗಿತ್ತು. ಮೊದಲ ಎಣ್ಣೆಯನ್ನು ಇಳಿಸಿ, ಅದರಲ್ಲಿ ಲೋಹದ ಪುಡಿ ಇದೆಯೇ ಎಂದು ಬಟ್ಟೆಯಲ್ಲಿ ಸೋಸಿ ನೋಡಿ, ಹೊಸ ಎಣ್ಣೆ ತುಂಬಿಸಿದ. ಸಂಜೆ ಮತ್ತೆ ಒಂದು ಗಂಟೆ ಓಡಿಸಿದ. ಕಡೆಯ ಕಾಲು ಗಂಟೆ ಪಟ್ಟಾ ಹಾಕಿ ಒಂದು ಸೇರು ಬಿಳಿಜೋಳ ಬೀಸಿದರು. ಆ ಹಿಟ್ಟಿನ ರೊಟ್ಟಿಯನ್ನು ಆ ರಾತ್ರಿ ಎಲ್ಲರೂ ಕೂಡಿ ಪ್ರಸಾದವಾಗಿ ಸ್ವೀಕರಿಸಿದೆವು.

ನಿಂತ ಯಂತ್ರ ಮತ್ತೆ ಕೆಡುತ್ತದೆ, ಆಗಾಗ ನಡೆಸುತ್ತಲೇ ಇರಬೇಕು ಎಂದು ಶಿಷ್ಯನು ಹೇಳಿದ್ದರಿಂದ ಪ್ರತಿ ಅಮಾವಾಸ್ಯೆಯ ದಿನ ಅರ್ಧ ಗಂಟೆ ಓಡಿಸುವ ರೂಢಿ ಮಾಡಿದ್ದೇವೆ. ಹಡಗಿನಲ್ಲಿ ಇಡುವಂತೆ ಒಂದು ದಿನಚರಿ ಪುಸ್ತಕವನ್ನು ಅವನು ತಂದುಕೊಟ್ಟಿದ್ದಾನೆ. ಪಾಠಶಾಲೆಯ ಹುಡುಗರಲ್ಲಿ ಮನಸ್ಸಿದ್ದವರು ಅಂದು ಬಂದು ಹ್ಯಾಂಡಲ್ ಹಿಡಿಯುತ್ತಾರೆ, ಬೇಕಾದರೆ ಬಿಚ್ಚಿಯೂ ನೋಡುತ್ತಾರೆ. ಗದರಿಸುವವರಿಲ್ಲ. ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ಮನೆಯ ಮಗು ಗಡಿಯಾರವನ್ನೋ ರೇಡಿಯೋವನ್ನೋ ಬಿಚ್ಚಿ ಕುಳಿತಾಗ, ಬಯ್ಯುವುದಕ್ಕೆ ಮೊದಲು, ಅದು ಯಾವಾಗ ನಿಂತಿತು ಎಂದು ಒಮ್ಮೆ ಕೇಳಿರಿ.

ದಿನಚರಿಯಲ್ಲಿ ನಾಲ್ಕು ಕಾಲಂಗಳಿವೆ: ದಿನ, ಓಡಿದ ಹೊತ್ತು, ಎಣ್ಣೆಯ ಮಟ್ಟ, ನೋಡಿದವರ ಸಹಿ. ನಾಲ್ಕನೆಯ ಕಾಲಂ ಪಾಳಿಯಿಂದ ಯಾರಿಗೂ ಹೋಗುವುದಿಲ್ಲ. ಕೈ ನಡೆಯುವ ತನಕ ಆ ಸಹಿ ನಮ್ಮದೇ.